ವೆಸ್ಟ್‌ಫ್ಲೇಟರೆನ್ ಮಠದ ಬಾಗಿಲಲ್ಲಿ

ಬೆಲ್ಜಿಯಂ ದೇಶದ ಪಶ್ಚಿಮದ ಅಂಚಿನಲ್ಲಿ, ಫ್ರಾನ್ಸಿನ ಗಡಿಗೆ ಕೂಗಳತೆಯ ದೂರದಲ್ಲಿ, ಪೋಪೆರಿಂಗೆ ಎಂಬ ಸಣ್ಣ ಊರಿದೆ. ಆಗಸ್ಟ್ ತಿಂಗಳ ಕೊನೆಯಲ್ಲಿ ಆ ಊರಿನ ಸುತ್ತಮುತ್ತಣ ಹೊಲಗಳ ನಡುವೆ ಹಾದುಹೋಗುವ ಕನ್ನಡಿಗನಿಗೆ ಮೊದಲು ನೆನಪಾಗುವುದು ನಮ್ಮ ಕಡೆಯ ವೀಳ್ಯದೆಲೆಯ ತೋಟ. ಎರಡಾಳಿಗಿಂತ ಎತ್ತರದ ಗಳುಗಳನ್ನು ಸಾಲಾಗಿ ನೆಟ್ಟು, ತಂತಿ ಬಿಗಿದು, ಅದರ ಮೇಲೆ ಬಳ್ಳಿಯನ್ನು ಹಬ್ಬಿಸಿರುತ್ತಾರೆ. ಹತ್ತಿರ ಹೋಗಿ ನೋಡಿದರೆ ಎಲೆ ಬೇರೆ, ವಾಸನೆ ಬೇರೆ. ಅದು ಹಾಪ್ ಬಳ್ಳಿ. ಬೇಕಾದದ್ದು ಅದರ ಎಲೆಯಲ್ಲ, ಹಸುರು ತೆನೆಯಂತೆ ಜೋಲುವ ಹೂವು. ಬಿಯರಿಗೆ ಕಹಿಯನ್ನೂ ಕಂಪನ್ನೂ ಕೊಡುವುದು ಆ ಹೂವೇ.

ಪಾನದ ವಿಷಯ ಬಂತೆಂದು ವಾಚಕರು ಪುಟ ತಿರುವಿಹಾಕಬಾರದು. ನಾನು ಕುಡಿಯುವವನಲ್ಲ. ಗೆಂಟ್ ನಗರಕ್ಕೆ ಹೋದದ್ದು ಜೈನ ಕಾವ್ಯಗಳ ವಿಚಾರವಾಗಿ ನಾಲ್ಕು ಮಾತನಾಡುವುದಕ್ಕೆ. ಅಲ್ಲಿಂದ ಈ ಹೊಲಗಳಿಗೆ ಬಂದದ್ದು ಒಂದು ಮಠವನ್ನು ನೋಡುವುದಕ್ಕೆ. ಲೂವೆನ್ನಿನಲ್ಲಿ ಸಂಶೋಧನೆ ನಡೆಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನನ್ನನ್ನು ಹುಡುಕಿಕೊಂಡು ಬಂದು, “ಸಾರ್, ಬ್ರೂಗ್ ಪಟ್ಟಣವನ್ನು ಎಲ್ಲರೂ ನೋಡುತ್ತಾರೆ. ನೀವು ತರಗತಿಯಲ್ಲಿ ಕಾಯಕ, ದಾಸೋಹ ಅಂತ ಹೇಳುತ್ತಿದ್ದಿರಲ್ಲ, ಅದಕ್ಕೆ ಹತ್ತಿರದ್ದೊಂದು ತೋರಿಸುತ್ತೇನೆ. ನಾಳೆ ನನಗೆ ಅಲ್ಲಿ ಸರದಿ ಸಿಕ್ಕಿದೆ” ಎಂದ. ಸರದಿ ಯಾವುದಕ್ಕಪ್ಪಾ ಎಂದು ಕೇಳಿದರೆ, ಎರಡು ಕ್ರೇಟು ಬಿಯರ್ ಕೊಳ್ಳುವುದಕ್ಕಂತೆ! ಹಾಲಿಗಾಗಿ, ಸೀಮೆಎಣ್ಣೆಗಾಗಿ ಸರದಿ ನಿಂತವರ ಕಥೆಗಳನ್ನು ಹಿರಿಯರ ಬಾಯಿಂದ ಕೇಳಿ ಬೆಳೆದವನು ನಾನು. ಸಂನ್ಯಾಸಿಗಳ ಬಾಗಿಲಲ್ಲಿ ಬಿಯರಿಗಾಗಿ ಸರದಿ ಎಂದರೆ ಕುತೂಹಲವಾಗದೆ ಇರುತ್ತದೆಯೇ?

ಪೋಪೆರಿಂಗೆಯಿಂದ ಆರೇಳು ಕಿಲೋಮೀಟರು ಹೋದರೆ ವೆಸ್ಟ್‌ಫ್ಲೇಟರೆನ್ ಗ್ರಾಮದ ಬಯಲು. ಅಲ್ಲಿ ಇಟ್ಟಿಗೆಯ ಎತ್ತರದ ಗೋಡೆಯ ಹಿಂದೆ ಸಂತ ಸಿಕ್ಸ್ಟಸ್ಸನ ಹೆಸರಿನ ಮಠವಿದೆ. ಗೋಪುರವಿಲ್ಲ, ವೈಭವವಿಲ್ಲ. ಪ್ರವಾಸಿಗಳಿಗೆ ಒಳಗೆ ಪ್ರವೇಶವೂ ಇಲ್ಲ. ಮರಗಳ ಸಾಲು, ನೀರವವಾದ ರಸ್ತೆ, ನಿಯಮಿತವಾಗಿ ಕೇಳುವ ಗಂಟೆಯ ನಾದ, ಇಷ್ಟೇ. ಹೊರಗಿನ ಜಗತ್ತಿಗೆ ಇದರ ಕೀರ್ತಿ ತಲುಪಿರುವುದು ಮೂರು ಬಗೆಯ ಸೀಸೆಗಳ ಮೂಲಕ. ಬಹುಕಾಲ ಆ ಸೀಸೆಗಳಿಗೆ ಹೆಸರಿನ ಚೀಟಿಯೂ ಇರಲಿಲ್ಲ. ಮುಚ್ಚಳದ ಬಣ್ಣ ನೋಡಿ ಗುರುತಿಸಬೇಕು: ಹಸುರು ಮುಚ್ಚಳದ್ದು ತಿಳಿಬಣ್ಣದ ಬಿಯರ್, ನೀಲಿಯದು ಎಂಟನೆಯ ನಂಬರು, ಹಳದಿಯದು ಹನ್ನೆರಡನೆಯ ನಂಬರು. ಈ ಹನ್ನೆರಡನೆಯದರಲ್ಲಿ ಮದ್ಯಸಾರ ನೂರಕ್ಕೆ 10.2 ಭಾಗ. ಜಗಳಕ್ಕೆಲ್ಲ ಕಾರಣ ಅದೇ.

ಮಠದ ಪೂರ್ವಕಥೆಯನ್ನು ಸ್ವಲ್ಪ ಹೇಳಬೇಕು. ಇವರು ಟ್ರಾಪಿಸ್ಟರು. ಆರನೆಯ ಶತಮಾನದ ಸಂತ ಬೆನೆಡಿಕ್ಟನ ನಿಯಮವನ್ನು ಚಾಚೂ ತಪ್ಪದೆ ನಡೆಸಬೇಕೆಂಬ ಹಟದಿಂದ 1098ರಲ್ಲಿ ಸಿಸ್ಟರ್ಸಿಯನ್ ಸಂಪ್ರದಾಯ ಹುಟ್ಟಿತು. ಕಾಲಕ್ರಮದಲ್ಲಿ ಅದೂ ಸಡಿಲವಾಯಿತೆಂದು 17ನೆಯ ಶತಮಾನದಲ್ಲಿ ನಾರ್ಮಂಡಿಯ ಲಾ ಟ್ರಾಪ್ ಮಠದ ಅಧಿಪತಿ ಡಿ ರಾನ್ಸೆ ಮತ್ತೊಮ್ಮೆ ಬಿಗಿಮಾಡಿದ. ಆ ಮಠದ ಹೆಸರೇ ಇವರಿಗೆ ಅಂಟಿತು. ಬೆಳಗಿನ ಜಾವಕ್ಕೂ ಮೊದಲೇ ಏಳುವುದು, ದಿನಕ್ಕೆ ಏಳು ಸಲ ಪ್ರಾರ್ಥನೆ, ಮಿತಭಾಷಣ, ಸ್ವಂತ ಕೈಗಳ ದುಡಿಮೆಯಿಂದ ಜೀವನ. ಈ ಕೊನೆಯ ಮಾತು ಮುಖ್ಯವಾದದ್ದು. ಭಿಕ್ಷೆಯಿಂದಲ್ಲ, ದತ್ತಿಯಿಂದಲ್ಲ, ದುಡಿಮೆಯಿಂದ. ಒಂದು ಮಠ ಚೀಸ್ ಮಾಡುತ್ತದೆ, ಇನ್ನೊಂದು ರೊಟ್ಟಿ ಸುಡುತ್ತದೆ. ದ್ರಾಕ್ಷಿ ಬೆಳೆಯದ ಈ ಚಳಿಯ ನಾಡಿನ ಮಠಗಳು ಬಿಯರ್ ಕಾಯಿಸುತ್ತವೆ. ಸಂನ್ಯಾಸಿಗಳಿಗೆ ಪಾನವೇ ಎಂದು ಹುಬ್ಬೇರಿಸುವವರಿಗೆ ಬೆನೆಡಿಕ್ಟನೇ ಉತ್ತರ ಹೇಳಿಟ್ಟಿದ್ದಾನೆ. ವಿರಕ್ತರು ಕುಡಿಯಲೇಬಾರದು, ಆದರೆ ಈಗಿನ ಕಾಲದವರಿಗೆ ಅದನ್ನು ಒಪ್ಪಿಸುವುದು ಸಾಧ್ಯವಿಲ್ಲವಾದ್ದರಿಂದ ಮಿತಿಯಲ್ಲಾದರೂ ಕುಡಿಯಲಿ ಎಂಬುದು ಅವನ ನಿಯಮದ ತಾತ್ಪರ್ಯ. ಆರನೆಯ ಶತಮಾನದಲ್ಲೇ “ಈಗಿನ ಕಾಲದವರು” ಕೆಟ್ಟುಹೋಗಿದ್ದರೆಂಬುದು ನಮ್ಮಂಥ ಮೇಷ್ಟ್ರುಗಳಿಗೆ ಸಮಾಧಾನದ ಸಂಗತಿ.

ವೆಸ್ಟ್‌ಫ್ಲೇಟರೆನ್ನಿನ ಕಾಡಿನಲ್ಲಿ ಮೊದಲು ಬಂದು ನೆಲಸಿದವನು ಪೋಪೆರಿಂಗೆಯ ಒಬ್ಬ ಹಾಪ್ ವ್ಯಾಪಾರಿ. ವ್ಯಾಪಾರ ಬಿಟ್ಟು ಒಂಟಿಯಾಗಿ ತಪಸ್ಸಿಗೆ ಕುಳಿತ ಆತನನ್ನು 1831ರಲ್ಲಿ ಫ್ರಾನ್ಸಿನ ಗಡಿಯಾಚೆಯ ಗುಡ್ಡದ ಮಠದಿಂದ ಬಂದ ಸಂನ್ಯಾಸಿಗಳು ಕೂಡಿಕೊಂಡರು. ಕೆಲವೇ ವರ್ಷಗಳಲ್ಲಿ, 1830ರ ದಶಕ ಮುಗಿಯುವುದರೊಳಗೆ, ಬಿಯರ್ ಕಾಯಿಸುವ ಒಲೆ ಹೊತ್ತಿತು. 1850ರಲ್ಲಿ ಇಲ್ಲಿಂದಲೇ ಹೊರಟ ಸಂನ್ಯಾಸಿಗಳು ದೇಶದ ದಕ್ಷಿಣಕ್ಕೆ ಹೋಗಿ ಶಿಮೇ ಊರಿನ ಬಳಿ ಇನ್ನೊಂದು ಮಠ ಕಟ್ಟಿದರು. ಆ ಮರಿಮಠದ ಬಿಯರ್ ಇಂದು ಖಂಡಾಂತರಗಳಿಗೆ ಹೋಗುತ್ತದೆ. ತಾಯಿಮಠ ಮಾತ್ರ ಬಾಗಿಲಲ್ಲೇ ಮಾರುತ್ತ ಕುಳಿತಿತು.

ಮೊದಲನೆಯ ಮಹಾಯುದ್ಧದ ಕಥೆ ಕೇಳಿದರೆ ಆಶ್ಚರ್ಯವಾಗುತ್ತದೆ. ಈಪ್ರ್ ಪಟ್ಟಣವನ್ನು ಪುಡಿಮಾಡಿದ ರಣರಂಗ ಇಲ್ಲಿಗೆ ಅನತಿದೂರ. ಬೆಲ್ಜಿಯಮ್ಮಿನ ಬಹುಭಾಗವನ್ನು ಜರ್ಮನರು ಹಿಡಿದು, ಮದ್ದುಗುಂಡಿಗಾಗಿ ಮಠಮಠಗಳ ತಾಮ್ರದ ಕಡಾಯಿಗಳನ್ನೂ ಕಿತ್ತೊಯ್ದರು. ಈ ಒಂದು ಮೂಲೆ ಅವರ ಕೈಗೆ ಸಿಕ್ಕಲಿಲ್ಲ. ನಿರಾಶ್ರಿತರಿಗೂ ಮಿತ್ರಪಕ್ಷದ ಸೈನಿಕರಿಗೂ ಮಠ ನೆಲೆಯಾಯಿತು, ಕಡಾಯಿಗಳೂ ಉಳಿದವು.

ಎರಡನೆಯ ಯುದ್ಧ ಮುಗಿದ ಮೇಲೆ ನಡೆದ ಪ್ರಸಂಗ ಇನ್ನೂ ವಿಚಿತ್ರ. ವ್ಯಾಪಾರ ಬೆಳೆಯುತ್ತಿತ್ತು. ಬೇರೆ ಯಾರಾದರೂ ಇನ್ನೊಂದು ಕಡಾಯಿ ಇಡಿಸುತ್ತಿದ್ದರು. ಮಠಾಧಿಪತಿಗೆ ಚಿಂತೆ ಹತ್ತಿದ್ದು ಬೇರೆ ರೀತಿಯದು: ಬಿಯರ್ ಕಾಯಿಸುವುದರಲ್ಲೇ ದಿನ ಕಳೆದರೆ ಪ್ರಾರ್ಥನೆಯ ಗತಿ ಏನು? 1946ರಲ್ಲಿ ಅವರು ಉತ್ಪತ್ತಿಯನ್ನು ತಗ್ಗಿಸಿ, ಹೊರಗಿನವರಿಗಾಗಿ ತಯಾರಿಸುವ ಹಕ್ಕನ್ನು ನೆರೆಯ ವಾಟೌ ಗ್ರಾಮದ ಗೃಹಸ್ಥನೊಬ್ಬನಿಗೆ ಬಿಟ್ಟುಕೊಟ್ಟರು. 1992ರವರೆಗೆ ಆ ಒಪ್ಪಂದ ನಡೆಯಿತು. ಮಠದ ಗೋಡೆಯೊಳಗೆ ಆದದ್ದಕ್ಕೆ ಮಾತ್ರ ಟ್ರಾಪಿಸ್ಟ್ ಎಂಬ ಹೆಸರು ಸಲ್ಲಬೇಕೆಂಬ ಕಟ್ಟು ಬಲಿತಾಗ ಒಪ್ಪಂದ ನಿಂತಿತು. ವಾಟೌ ಗ್ರಾಮದವರು ಸಂತ ಬರ್ನಾರ್ಡನ ಹೆಸರಿನಲ್ಲಿ ತಮ್ಮ ಬಿಯರನ್ನು ಈಗಲೂ ಕಾಯಿಸುತ್ತಾರೆ. ಅದು ಎಲ್ಲ ಅಂಗಡಿಗಳಲ್ಲಿ ಸಿಕ್ಕುತ್ತದೆ. ಎರಡಕ್ಕೂ ಭೇದ ಬಹಳವಿಲ್ಲವೆಂದು ಬಲ್ಲವರು ಪಿಸುಮಾತಿನಲ್ಲಿ ಹೇಳುತ್ತಾರೆ. ಆದರೂ ಜನ ಮುಗಿಬೀಳುವುದು ಸುಲಭವಾಗಿ ಸಿಕ್ಕದ್ದಕ್ಕೇ.

ಹಾಗೆ ಮುಗಿಬಿದ್ದದ್ದು 2005ರಲ್ಲಿ. ರೇಟ್‌ಬಿಯರ್ ಎಂಬ ಅಮೆರಿಕದ ಸಂಸ್ಥೆ, ಪಾನರಸಿಕರು ಕೊಟ್ಟ ಅಂಕಗಳನ್ನು ಕೂಡಿಸಿ, ಇಲ್ಲಿಯ ಹನ್ನೆರಡನೆಯ ನಂಬರಿಗೆ ಜಗತ್ತಿನಲ್ಲೇ ಮೊದಲ ಸ್ಥಾನ ಎಂದು ಸಾರಿತು. ಜಾಹೀರಾತಿಗೆ ಒಂದು ಕಾಸನ್ನೂ ಖರ್ಚು ಮಾಡದಿದ್ದ ಮಠದ ಮುಂದೆ ಹೊಲದ ರಸ್ತೆಯುದ್ದಕ್ಕೂ ಕಾರುಗಳು ನಿಂತವು. ದಾಸ್ತಾನು ಬರಿದಾಯಿತು. ಸಂನ್ಯಾಸಿಗಳು ಉತ್ಪತ್ತಿ ಹೆಚ್ಚಿಸಲಿಲ್ಲ, ಬೆಲೆಯನ್ನೂ ಏರಿಸಲಿಲ್ಲ. ಬದಲಾಗಿ ಪಡಿತರದ ಪದ್ಧತಿ ತಂದರು. ಮೊದಲೇ ದೂರವಾಣಿಯಲ್ಲಿ ಕಾಯ್ದಿರಿಸಬೇಕು. ಕಾರಿನ ನಂಬರು ಹೇಳಬೇಕು. ಒಂದು ದೂರವಾಣಿಗೆ, ಒಂದು ಕಾರಿಗೆ ಅರವತ್ತು ದಿನಕ್ಕೆ ಒಂದೇ ಸಲ. ಆ ದೂರವಾಣಿ ಸಿಕ್ಕುವುದೆಂದರೆ ಲಾಟರಿ ಹೊಡೆದಂತೆ. ಗಂಟೆಗಟ್ಟಲೆ ಗುಂಡಿ ಒತ್ತಿ ಬೆರಳು ಸವೆಸಿಕೊಂಡವರಿದ್ದಾರೆ. 2019ರಲ್ಲಿ ಅಂತರ್ಜಾಲದ ಮೂಲಕ ಕಾಯ್ದಿರಿಸುವ ಏರ್ಪಾಡು ಬಂದಿತು. ಅದರಲ್ಲೊಂದು ನ್ಯಾಯವಿದೆ: ಕೊನೆಯ ಸಲ ಕೊಂಡು ಯಾರಿಗೆ ಹೆಚ್ಚು ದಿನವಾಗಿದೆಯೋ ಅವರಿಗೆ ಮೊದಲ ಪಾಳಿ. ಆಮೇಲೆ ಬೆಲ್ಜಿಯಮ್ಮಿನೊಳಗೆ ಮನೆಗೇ ಕಳುಹಿಸುವ ವ್ಯವಸ್ಥೆಯೂ ಆಯಿತು. ನನ್ನ ಶಿಷ್ಯ ಮಾತ್ರ, ಗೋಡೆಯ ಹತ್ತಿರ ಬಂದು ಪಡೆದರೇ ಪಡೆದಂತೆ ಎನ್ನುವ ಪಂಗಡದವನು.

ಕೊಳ್ಳುವವನಿಗೆ ಒಂದು ಕರಾರು ಉಂಟು. ಇದನ್ನು ಲಾಭಕ್ಕೆ ಮತ್ತೆ ಮಾರಕೂಡದು. ಹಿಂದೆ ರಸೀತಿಯ ಮೇಲೆಯೇ ಅದನ್ನು ಅಚ್ಚು ಹಾಕಿಸುತ್ತಿದ್ದರು. ಅಚ್ಚು ಹಾಕಿಸಿದರೆ ಕಾಳಸಂತೆ ನಿಲ್ಲುತ್ತದೆಯೇ? ಬ್ರಸೆಲ್ಸಿನ, ಬ್ರೂಗಿನ ಪ್ರವಾಸಿ ಬೀದಿಗಳ ಅಂಗಡಿಯ ಗಾಜಿನ ಹಿಂದೆ ಆ ಹಳದಿ ಮುಚ್ಚಳಗಳು ಹಲವು ಪಾಲು ಬೆಲೆಗೆ ಕುಳಿತಿರುವುದನ್ನು ಯಾರು ಬೇಕಾದರೂ ಕಾಣಬಹುದು. ಸಮುದ್ರ ದಾಟಿದರಂತೂ ಕೇಳುವುದೇ ಬೇಡ. 2018ರಲ್ಲಿ ನೆದರ್ಲೆಂಡ್ಸಿನ ಒಂದು ದಿನಸಿ ಅಂಗಡಿಗಳ ಸರಣಿ ಅದು ಹೇಗೋ ಏಳು ಸಾವಿರಕ್ಕೂ ಹೆಚ್ಚು ಸೀಸೆಗಳನ್ನು ಕೂಡಿಹಾಕಿ, ಸೀಸೆಗೆ ಹತ್ತು ಯೂರೋಗಳಂತೆ ಮಾರಿತು. ಮಠದ ಬೆಲೆ ಆಗ ಎರಡು ಯೂರೋವಿಗಿಂತ ಕಡಿಮೆ! ಮೌನಿಗಳೆಂದು ಹೆಸರಾದವರು ಅಂದು ಬಾಯಿಬಿಟ್ಟು ಆಕ್ಷೇಪಿಸಿದರು.

ಹಾಗೆಂದು ಮಠ ಒಮ್ಮೆಯೂ ಹೊರಗೆ ಮಾರಿಲ್ಲವೆಂದಲ್ಲ. ಕಟ್ಟಡ ಶಿಥಿಲವಾಗಿ ಜೀರ್ಣೋದ್ಧಾರಕ್ಕೆ ಹಣ ಬೇಕಾದಾಗ, 2011ರಲ್ಲಿ ಆರು ಸೀಸೆ ಮತ್ತು ಎರಡು ಗಾಜಿನ ಬಟ್ಟಲುಗಳ ಪೆಟ್ಟಿಗೆಗಳನ್ನು ಕಟ್ಟಿ, ಬೆಲ್ಜಿಯಮ್ಮಿನ ಅಂಗಡಿಗಳ ಮೂಲಕ ಇಪ್ಪತ್ತೈದು ಯೂರೋವಿಗೆ ಒಂದರಂತೆ ಮಾರಿಸಿದರು. ತೊಂಬತ್ತು ಸಾವಿರಕ್ಕೂ ಹೆಚ್ಚು ಪೆಟ್ಟಿಗೆಗಳು ಒಂದೆರಡು ದಿನಗಳಲ್ಲಿ ಖಾಲಿಯಾದವು. 2012ರ ಡಿಸೆಂಬರಿನಲ್ಲಿ ಅಮೆರಿಕಕ್ಕೂ ಅಂಥ ಪೆಟ್ಟಿಗೆಗಳು ಹೋದವು. ಅಲ್ಲಿ ಬೆಲೆ ಎಂಬತ್ತೈದು ಡಾಲರಿನ ಸುಮಾರು. ಸೂರು ನಿಂತಿತು. ಸೂರು ನಿಂತ ಮೇಲೆ ಬಾಗಿಲು ಮತ್ತೆ ಮುಚ್ಚಿತು. ನಮ್ಮಲ್ಲಿ ದೇವಸ್ಥಾನದ ಜೀರ್ಣೋದ್ಧಾರಕ್ಕೆಂದು ತೆರೆದ ಹುಂಡಿ, ಕೆಲಸ ಮುಗಿದ ಮೇಲೆ ಮುಚ್ಚಿದ್ದನ್ನು ಕಂಡವರುಂಟೆ?

ಗೊತ್ತಾದ ಸಮಯಕ್ಕೆ ಸರಿಯಾಗಿ ನಾವು ಹೋದೆವು. ಗೋಡೆಯ ಪಕ್ಕದಲ್ಲಿ ಕಾರುಗಳ ಚಿಕ್ಕ ಸಾಲು. ಗಡಿಬಿಡಿಯಿಲ್ಲ, ಕೂಗಾಟವಿಲ್ಲ. ಸರದಿ ಬಂದಾಗ ಕಾರಿನ ನಂಬರನ್ನು ಪಟ್ಟಿಯೊಡನೆ ತಾಳೆ ನೋಡಿದರು. ಹಳೆಯ ಖಾಲಿ ಸೀಸೆಗಳನ್ನು ಎಣಿಸಿ ಒಳಗಿಟ್ಟುಕೊಂಡು ಅದರ ಮುಂಗಡವನ್ನು ಮುರಿದರು. ಎರಡು ಮರದ ಕ್ರೇಟುಗಳನ್ನು ಕಾರಿನ ಬೆನ್ನಿಗೆ ಏರಿಸಿದರು. ಐದು ನಿಮಿಷದ ಕೆಲಸ. ಬೆಂಗಳೂರಿನ ಪಡಿತರ ಅಂಗಡಿಯಲ್ಲಿ ಇದಕ್ಕಿಂತ ಹೆಚ್ಚು ಮಾತು ನಡೆಯುತ್ತದೆ.

ಮಠದ ಎದುರಿಗೇ “ಇನ್ ಡೆ ವ್ರೇಡೆ” ಎಂಬ ಉಪಾಹಾರಗೃಹವಿದೆ. “ಶಾಂತಿಯಲ್ಲಿ” ಎಂದು ಅರ್ಥ. ಕಾಯ್ದಿರಿಸದೆ ಬಂದವರೂ ಇಲ್ಲಿ ಕುಳಿತು ಮಠದ ಬಿಯರನ್ನೂ ಚೀಸನ್ನೂ ಸವಿಯಬಹುದು. ಅದರ ಮುಂದೆ ಕಾರು ನಿಲ್ಲಿಸಿ ಇಳಿಯುವಷ್ಟರಲ್ಲಿ ಒಬ್ಬ ಮನುಷ್ಯ ನಗುಮುಖದಿಂದ ಹತ್ತಿರ ಬಂದ. ಒಳ್ಳೆಯ ಉಡುಪು, ವಿನಯವಾದ ಇಂಗ್ಲಿಷು. ಎರಡು ಕ್ರೇಟುಗಳನ್ನೂ ಬಿಟ್ಟುಕೊಡುವುದಾದರೆ ಮಠಕ್ಕೆ ಕೊಟ್ಟದ್ದರ ಮೂರರಷ್ಟು ಕೊಡುತ್ತೇನೆ ಎಂದ. ಅವನು ಬೆಲೆ ಕಟ್ಟಿದ ರೀತಿ ನೋಡಿದರೆ ಅದು ಅವನ ನಿತ್ಯದ ವ್ಯಾಪಾರವೆಂದು ತಿಳಿಯುತ್ತಿತ್ತು.

ನನ್ನ ಶಿಷ್ಯ ತಕ್ಷಣ ಇಲ್ಲವೆನ್ನಲಿಲ್ಲ. “ಒಂದು ನಿಮಿಷ” ಎಂದು ಅವನಿಗೆ ಹೇಳಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಏನು ಮಾಡಲಿ ಸಾರ್?” ಎಂದ.

ನಾನು ಮೇಷ್ಟ್ರು. ಉಪದೇಶ ನನ್ನ ಕಸುಬು. ಆದರೂ ನಾಲಗೆ ಹೊರಳಲಿಲ್ಲ. ಹುಡುಗನ ಸ್ಥಿತಿ ನನಗೆ ಗೊತ್ತಿತ್ತು. ವಿದ್ಯಾರ್ಥಿವೇತನದಲ್ಲಿ ಬಾಡಿಗೆ ಕಟ್ಟಿ, ಉಳಿದದ್ದನ್ನು ಊರಿಗೆ ಕಳಿಸುವವನು. ಕಾರು ಕೂಡ ಇನ್ನೊಬ್ಬನೊಡನೆ ಸೇರಿ ಕೊಂಡ ಹಳೆಯ ಕಾರು. ಅವನ ತಂದೆಗೆ ಕಣ್ಣಿನ ಪೊರೆ ಬಂದು ಶಸ್ತ್ರಚಿಕಿತ್ಸೆ ಮಾಡಿಸಬೇಕಾಗಿದೆಯೆಂದು ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದಿದ್ದ. ಆ ಮನುಷ್ಯ ತೋರಿಸಿದ ಹಣ ಪೂರ್ತಿ ಸಾಲದಿದ್ದರೂ ಒಂದು ಭಾಗಕ್ಕೆ ಆಗುತ್ತಿತ್ತು. ಮಾರಿದರೆ ಯಾವ ಪೋಲೀಸರೂ ಬರುವುದಿಲ್ಲ. ಕೊಟ್ಟ ಮಾತೊಂದೇ ಅಡ್ಡ.

“ನೀನು ಏನೆನ್ನುತ್ತೀಯಪ್ಪಾ?” ಎಂದು ಅವನ ಮೇಲೆಯೇ ಹಾಕಿದೆ. ಅದು ಹೇಡಿತನವೆಂದು ವಾಚಕರು ಹೇಳಿದರೆ ಒಪ್ಪುತ್ತೇನೆ.

“ಹೋದ ಚಳಿಗಾಲದಲ್ಲಿ ಒಂದು ಕ್ರೇಟು ಮಾರಿದ್ದೆ ಸಾರ್” ಎಂದ ಅವನು, ತಲೆ ತಗ್ಗಿಸಿ. “ಒಂದು ಅಂಗಡಿಗೆ. ಆಮೇಲೆ ಅದೇ ಬೀದಿಯಲ್ಲಿ ಹೋಗುವಾಗ ಗಾಜಿನಲ್ಲಿ ನೋಡಿದೆ. ನಾನು ಕೊಟ್ಟ ಬೆಲೆಯ ಆರರಷ್ಟು ಬರೆದು ಇಟ್ಟಿದ್ದರು. ಯಾರೋ ವಯಸ್ಸಾದವರು, ಗಂಡ ಹೆಂಡತಿ, ಹೊರಗೆ ನಿಂತು ಕೈಚೀಲದಲ್ಲಿ ಹಣ ಎಣಿಸಿ, ಬೇಡ ಅಂತ ಹೊರಟುಹೋದರು. ನನ್ನದೇ ಸೀಸೆಯೋ ಬೇರೆಯವರದೋ ಗೊತ್ತಿಲ್ಲ. ಆದರೆ ಆ ಬೀದಿಯಲ್ಲಿ ಈಗ ಹೋಗುವುದಿಲ್ಲ.”

ಅಷ್ಟು ಹೇಳಿ ಅವನು ಆ ಮನುಷ್ಯನ ಕಡೆ ಹೋಗಿ, ಬೇಕಾದರೆ ಎರಡು ಸೀಸೆ ಕೊಡುತ್ತೇನೆ, ಮಠದ ಬೆಲೆಗೇ, ನೀವು ಕುಡಿಯುವುದಕ್ಕೆ ಎಂದ. ಆತ ಜೋರಾಗಿ ನಕ್ಕು, ಟೋಪಿ ಸರಿಪಡಿಸಿಕೊಂಡು, ಮುಂದಿನ ಕಾರಿನ ಕಡೆಗೆ ನಡೆದ. ಮೂರನೆಯ ಕಾರಿನ ಬೆನ್ನು ತೆರೆದದ್ದನ್ನು ನಾವು ಕಿಟಕಿಯ ಬಳಿ ಕುಳಿತ ಮೇಲೆ ಕಂಡೆವು.

ಅಲ್ಲಿ ಕುಳಿತು ನಾವಿಬ್ಬರೂ ವಾದಿಸಿದೆವು. ಅರ್ಥಶಾಸ್ತ್ರ ಬಲ್ಲವರು ಈ ಮಠದವರನ್ನು ನೋಡಿ ನಗುತ್ತಾರೆ. ಬೇಡಿಕೆ ಹೆಚ್ಚು, ಸರಬರಾಜು ಕಡಿಮೆ, ಬೆಲೆ ಅಗ್ಗ. ನಡುವಿನ ಲಾಭವನ್ನು ಮಠ ತೆಗೆದುಕೊಳ್ಳದಿದ್ದರೆ ಟೋಪಿಯ ಮನುಷ್ಯ ತೆಗೆದುಕೊಳ್ಳುತ್ತಾನೆ. ಆ ಹಣವನ್ನು ಮಠವೇ ಪಡೆದು ಬಡವರಿಗೆ ಕೊಡಬಾರದೇಕೆ? ಈ ಪ್ರಶ್ನೆಯನ್ನು ನಾನೇ ಎತ್ತಿದೆ, ಮತ್ತು ಅದಕ್ಕೆ ಪೂರ್ಣವಾದ ಸಮಾಧಾನ ನನಗೆ ಇಂದಿಗೂ ದೊರೆತಿಲ್ಲ. ಸಂನ್ಯಾಸಿಗಳ ಸಮಾಧಾನ ಬೆನೆಡಿಕ್ಟನ ನಿಯಮದ 57ನೆಯ ಅಧ್ಯಾಯದಲ್ಲಿದೆ. ಮಠದ ಕುಶಲಕರ್ಮಿಗಳು ಮಾಡಿದ್ದನ್ನು ಮಾರುವಾಗ ಬೆಲೆಯಲ್ಲಿ ಲೋಭದ ಪಾಪ ನುಸುಳಬಾರದು, ಲೋಕದವರು ಮಾರುವುದಕ್ಕಿಂತ ಸ್ವಲ್ಪ ಅಗ್ಗವಾಗಿಯೇ ಕೊಡಬೇಕು ಎಂಬ ಅಭಿಪ್ರಾಯ ಅಲ್ಲಿ ಬರುತ್ತದೆ. ಬದುಕುವುದಕ್ಕಾಗಿ ಬಿಯರ್, ಬಿಯರಿಗಾಗಿ ಬದುಕಲ್ಲ ಎಂಬುದು ಅವರ ನಡೆ. ನನಗೆ ಆಯ್ದಕ್ಕಿ ಮಾರಯ್ಯನ ಕಥೆ ನೆನಪಿಗೆ ಬಂತು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು ಒಂದು ದಿನ ವಾಡಿಕೆಗಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು. ಅರ್ಥಶಾಸ್ತ್ರಜ್ಞರು ಅವಳನ್ನು ನೋಡಿಯೂ ನಗುತ್ತಿದ್ದರು.

“ಆದರೆ ಸಾರ್, ಲಕ್ಕಮ್ಮನ ಮನೆಯಲ್ಲಿ ಕಣ್ಣಿನ ಆಪರೇಷನ್ ಇರಲಿಲ್ಲ” ಎಂದ ನನ್ನ ಶಿಷ್ಯ. ಇದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಸಂನ್ಯಾಸಿಗಳ ಸಂಖ್ಯೆಯೇ ಕ್ಷೀಣಿಸುತ್ತಿರುವುದು ಈ ಎಲ್ಲ ಚರ್ಚೆಯ ಹಿಂದಿನ ಕಳವಳ. ಬೆಲ್ಜಿಯಮ್ಮಿನ ಆಹೆಲ್ ಮಠದಲ್ಲಿ ಕೊನೆಯ ಸಂನ್ಯಾಸಿಗಳು 2021ರಲ್ಲಿ ಹೊರಟುಹೋದರು. ಅಲ್ಲಿಯ ಬಿಯರ್ ಟ್ರಾಪಿಸ್ಟ್ ಮುದ್ರೆಯನ್ನು ಕಳೆದುಕೊಂಡಿತು. ಅಮೆರಿಕದ ಸ್ಪೆನ್ಸರ್ ಮಠ 2022ರಲ್ಲಿ ತನ್ನ ಕಡಾಯಿಗಳನ್ನು ಆರಿಸಿತು. ಗಂಟೆ ಹೊಡೆಯುವವರಿಲ್ಲದ ಮೇಲೆ ಗೋಡೆಯೊಳಗೆ ಏನು ಕಾಯಿಸಿದರೇನು?

ಅವನು ಒಂದು ಹನ್ನೆರಡನೆಯ ನಂಬರನ್ನು ತರಿಸಿದ. ಅಗಲಬಾಯಿಯ ಬಟ್ಟಲಿನಲ್ಲಿ ಕಾಫಿಯ ಕಷಾಯದಂಥ ಕಂದುಬಣ್ಣ, ಮೇಲೆ ಕೆನೆಯಂಥ ನೊರೆ. ನನಗೆ ಚೀಸು, ರೊಟ್ಟಿ, ಒಂದು ಲೋಟ ಹಣ್ಣಿನ ರಸ. ವಾಸನೆಯನ್ನಾದರೂ ನೋಡಿ ಸಾರ್ ಎಂದು ಬಟ್ಟಲನ್ನು ಮುಂದೆ ಹಿಡಿದ. ಒಣದ್ರಾಕ್ಷಿ, ಸುಟ್ಟ ಬೆಲ್ಲ, ಎಲ್ಲೋ ಸ್ವಲ್ಪ ಲವಂಗ. ನಮ್ಮ ಮನೆಯಲ್ಲಿ ಹಬ್ಬದ ಹಿಂದಿನ ರಾತ್ರಿ ಪಾಕ ಹಿಡಿಯುವಾಗ ಬರುವ ವಾಸನೆಗೆ ಅದು ದೂರದ ನಂಟು.

ಹಿಂದಿರುಗುವಾಗ ಹಣದ ಮಾತನ್ನು ನಾನೇ ಎತ್ತಿದೆ. “ಮುಂದಿನ ತಿಂಗಳು ಕಳಿಸಿದರೆ ಆಯಿತು ಸಾರ್. ಪೊರೆ ಇನ್ನೂ ಸ್ವಲ್ಪ ಬಲಿಯಲಿ ಅಂದಿದ್ದಾರಂತೆ” ಎಂದು ಅವನು ರಸ್ತೆಯನ್ನೇ ನೋಡುತ್ತ ಹೇಳಿದ. ಹಾಪ್ ತೋಟಗಳ ಗಳುಗಳು ಸಂಜೆಯ ಬೆಳಕಿನಲ್ಲಿ ಸಾಲುಸಾಲಾಗಿ ಹಿಂದೆ ಸರಿದವು. ಕಾರಿನ ಬೆನ್ನಿನಲ್ಲಿ ಸೀಸೆಗಳು ಲೂವೆನ್ ತಲುಪುವವರೆಗೂ ಕಿಣಿಕಿಣಿ ಎನ್ನುತ್ತಿದ್ದವು. ಆ ರಾತ್ರಿಯೇ ಎರಡು ಸೀಸೆ ಮನೆಯ ಯಜಮಾನಿಗೆ ಹೋದವು, ಒಂದು ಅವನ ಗುರುಗಳಿಗೆ, ನಾಲ್ಕು ಕಾರಿನ ಪಾಲುದಾರನಿಗೆ. ಉಳಿದದ್ದನ್ನು ಮಂಚದ ಕೆಳಗೆ ತಳ್ಳಿದ.

ನಾನು ತಂದದ್ದು ಉಪಾಹಾರಗೃಹದಲ್ಲಿ ಅವನು ತೆಗೆದ ಸೀಸೆಯ ಹಳದಿ ಮುಚ್ಚಳ ಒಂದನ್ನೇ. ಸುಂಕದ ಕಟ್ಟೆಯವರು ಅದನ್ನು ಕೇಳಲಿಲ್ಲ. ನನ್ನ ಮಗಳು ಈಗ ಅದನ್ನು ಚೌಕಾಬಾರದ ಕಾಯಿ ಮಾಡಿಕೊಂಡಿದ್ದಾಳೆ. ಅವಳ ಅಜ್ಜಿ ಒಮ್ಮೆ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಇದು ಯಾವ ಔಷಧದ ಸೀಸೆಯದು ಎಂದು ಕೇಳಿದರು. ಮಠದ್ದು ಎಂದೆ. ಕಣ್ಣಿಗೊತ್ತಿಕೊಂಡು ಮನೆಯಲ್ಲಿಟ್ಟರು.